ಎರಡು ಚಪ್ಪಾಳೆ, ಎಡಗಡೆಯಿಂದ

೧೯೯೯ ಅಕ್ಟೋಬರ್ ೨೮, ಮೂಡಲಗಿ

ಕಬ್ಬಿನ ಸೀಸನ್ ಶುರುವಾಯಿತು. ಇಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಪೂಜೆಗೆ ನಮ್ಮ ಮೈಕ್ ಸೆಟ್ ಹಚ್ಚಿದ್ದೆವು. ನಾನು ಮಶೀನಿನ ಮುಂದೆ ಕೂತಿದ್ದೆ. ಯಾರೋ ಪುಣ್ಯಾತ್ಮ ನನ್ನ ಎಡಗಡೆಯ ಹಾರ್ನಿನ ಬುಡದಲ್ಲೇ ಪಟಾಕಿ ಸರ ಇಟ್ಟು ಕಡ್ಡಿ ಗೀರಿದ. ಎರಡು ನಿಮಿಷ ಲೋಕವನ್ನೇ ಹತ್ತಿಯಲ್ಲಿ ಸುತ್ತಿಟ್ಟಂತಾಯಿತು. ಈಗಲೂ ಎಡಗಿವಿಯಲ್ಲಿ ಜೀರುಂಡೆ ಕೂತಿದೆ. ಇರಲಿ. ಇಪ್ಪತ್ತು ವರ್ಷ ಹಾರ್ನಿನ ಪಕ್ಕದಲ್ಲೇ ಅನ್ನ ತಿಂದವನು ನಾನು, ನಾಳೆ ನಾಡಿದ್ದರಲ್ಲಿ ತಾನಾಗಿಯೇ ಹೋಗುತ್ತದೆ.

ಬರೆಯಲು ಕೂತದ್ದು ಅದಕ್ಕಲ್ಲ. ಪೂಜೆಗೆ ಬೆಲ್ಲದ ಬಾಗೇವಾಡಿಯ ಕುಂಥುನಾಥ ಕಾಕಾ ಬಂದಿದ್ದರು. ಫೆಬ್ರುವರಿಯಲ್ಲಿ ಅವರೂರ ಬಸದಿಯ ಪಂಚಕಲ್ಯಾಣ ಉತ್ಸವ. ಐದು ದಿನ, ಸುತ್ತಲಿನ ಹಳ್ಳಿಗಳ ಸಾವಿರಾರು ಜನ. ಕಾಕಾ ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದರು:

“ಬೆಳಗಾವಿಯಿಂದ ಸೆಟ್ ತರಸೂಣು ಅಂತ ಕಮಿಟಿಯವರು ಅನ್ನಾಕತ್ತಾರ. ನಾ ಒಲ್ಲೆ ಅಂದೇನಿ. ಗಜಾನನ, ನಿನ್ನ ಕಿವಿ ಮ್ಯಾಲ ನನಗ ಭರೋಸಾ ಐತಿ.”

ಮದುವೆ ಮನೆಗಳ ಮೈಕಿನವನಾಗಿಯೇ ನಾನು ಮುದುಕನಾಗುತ್ತೇನೆ ಅಂದುಕೊಂಡಿದ್ದೆ. ಮನೆಗೆ ಬಂದಾಗಿನಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ.

ನವೆಂಬರ್ ೩

ದೊಡ್ಡ ಕೆಲಸ ಒಪ್ಪಿಕೊಂಡ ಮೇಲೆ ಜಪಾನಿನವರ ಕ್ಯಾಸೆಟ್ ಒಮ್ಮೆ ಪೂರ್ತಿ ಕೇಳುವುದು ನನ್ನ ಪದ್ಧತಿ. ಏಳು ವರ್ಷದ ಹಿಂದೆ ಗೋಕಾಕಿನಲ್ಲಿ ಹೊಸ ಯಂತ್ರ ಕೂಡಿಸಲು ಬಂದಿದ್ದ ಒಬ್ಬ ಜಪಾನಿ ಫಿಟರ್‌ನ ಬೀಳ್ಕೊಡುಗೆಗೆ ಮೈಕು ಹಚ್ಚಿದ್ದೆ. ಭಾಷಣದ ನಡುವೆ ಆತ ಎದ್ದು ಬಂದ. ಸಡಿಲಾಗಿದ್ದ ನನ್ನ ಒಂದು ವೈರನ್ನು ಬೆರಳಿನಿಂದ ಒತ್ತಿ ಹಿಡಿದ. ನಾನು ಹುಡುಕಿ ಸಾಕಾಗಿದ್ದ ಕರಕರ ನಿಂತಿತು. ಹೋಗುವಾಗ ಈ ಕ್ಯಾಸೆಟ್ ನನ್ನ ಅಂಗಿ ಕಿಸೆಯಲ್ಲಿ ತುರುಕಿ ನಕ್ಕ.

ಐದು ಜನರ ಬ್ಯಾಂಡು. ಹಾಡುವವರು ಯಾರೂ ಇಲ್ಲ. ಸ್ಯಾಕ್ಸೋಫೋನು, ಕೀಬೋರ್ಡು, ಎರಡು ಗಿಟಾರು, ಡ್ರಮ್ಮು. ಇದಕ್ಕೆ ಜಾಜ್ ಫ್ಯೂಶನ್ ಅನ್ನುತ್ತಾರಂತೆ, ಗೋಕಾಕಿನ ಕ್ಯಾಸೆಟ್ ಅಂಗಡಿಯ ಅರಿಹಂತ ಓದಿ ಹೇಳಿದ. ಜಗತ್ತನ್ನೆಲ್ಲ ಸುತ್ತುತ್ತ ಊರೂರಲ್ಲಿ ಜನರೆದುರು ನುಡಿಸಿದ್ದನ್ನು ಹಾಗೇ ಹಿಡಿದಿದ್ದಾರೆ. ಕವರಿನ ಮೇಲೆ ಜಗತ್ತಿನ ನಕಾಶೆ, ಅದರ ಮೇಲೆ ಊರಿಂದೂರಿಗೆ ಕೆಂಪು ಗೆರೆ. ಗೆರೆ ನಮ್ಮ ದೇಶದ ಮೇಲೆ ಹಾದು ಹೋಗಿದೆ, ಇಳಿದಿಲ್ಲ. ಹೆಂಡತಿ ನಂದಾ ಮದುವೆಯಾಗಿ ಬಂದ ಹೊಸತರಲ್ಲಿ ಅಲ್ಲಿ ಬಾಲ್‌ಪೆನ್ನಿನಿಂದ ಒಂದು ಚುಕ್ಕೆ ಇಟ್ಟು “ಇದು ಮೂಡಲಗಿ” ಅಂದಿದ್ದಳು.

ನನಗೆ ಈಗ ಊರುಗಳು ಚಪ್ಪಾಳೆಯಿಂದಲೇ ಗೊತ್ತು. ಮೊದಲಿನದು ಅವರದೇ ಊರು, ಜನ ಸಾಲಿ ಹುಡುಗರಂತೆ ಒಂದೇ ತಾಳಕ್ಕೆ ಹೊಡೆಯುತ್ತಾರೆ. ಇನ್ನೊಂದು ಊರಿನವರು ಬರೀ ಸೀಟಿ. ಬಿ ಬದಿಯ ಎರಡನೆಯದು ನಿಧಾನದ ಹಾಡು. ಅದು ಶುರುವಾಗುವ ಮೊದಲು ಚಪ್ಪಾಳೆ ಎಲ್ಲ ಇಳಿದು ನಿಂತ ಮೇಲೆ, ಎಡಗಡೆಯಿಂದ ಇನ್ನೆರಡು ಸಣ್ಣ ಚಪ್ಪಾಳೆ. ಜೊತೆಗೆ ಕಿಣಿಕಿಣಿ. ಡ್ರಮ್ಮಿನವನ ಪಕ್ಕ ತೂಗುಹಾಕಿದ ಲೋಹದ ಕಡ್ಡಿಗಳಿಗೆ ಅವನ ತೋಳು ತಾಗಿದ್ದು ಅಂತ ನಾನು. ನಂದಾ ಏಳು ವರ್ಷವಾದರೂ ಒಪ್ಪಿಲ್ಲ.

“ಅಕಿ ಹೆಣ್ಣಮಗಳು. ಎಲ್ಲಾರದೂ ಮುಗದ ಮ್ಯಾಲ ತಡಾ ಮಾಡಿ ಹೊಡಿತಾಳ. ಬಳಿ ಸಪ್ಪಳ ನನಗ ತಿಳಿಯಂಗಿಲ್ಲೇನ್ರಿ?”

ಅದು ಕೇಳಿಸಿದರೆ ನನ್ನ ಟೇಪ್ ಡೆಕ್ಕು, ಬಾಕ್ಸು, ವೈರು ಎಲ್ಲ ಸರಿ ಇದ್ದಂತೆ. ಎರಡು ಸ್ಪೀಕರ್ ಬಾಕ್ಸುಗಳನ್ನು ಕುರ್ಚಿಯ ಎಡಕ್ಕೊಂದು ಬಲಕ್ಕೊಂದು ಇಟ್ಟು ನಡುವೆ ಕೂತು ಕೇಳುತ್ತೇನೆ.

ಇಂದು ಕೇಳಿಸಲಿಲ್ಲ. ಮೂರು ಸಲ ಹಿಂದಕ್ಕೆ ಸುತ್ತಿದೆ. ಬಳೆಯೂ ಇಲ್ಲ, ಕಡ್ಡಿಯೂ ಇಲ್ಲ.

ನವೆಂಬರ್ ೯, ಪಾಡ್ಯ

ಸ್ಪಿರಿಟ್ಟು, ಹತ್ತಿ ತೆಗೆದುಕೊಂಡು ಡೆಕ್ಕಿನ ಹೆಡ್ ಒರೆಸಿದೆ. ಹತ್ತಿ ಕಪ್ಪಾಯಿತು, ಖುಷಿಯಾಯಿತು. ಹಾಕಿದರೆ ಅದೇ ಕಥೆ.

ಬೆಳಿಗ್ಗೆ ನಂದಾ ತಲೆಗೆ ಎಣ್ಣೆ ತಿಕ್ಕುತ್ತ ಏನೋ ಹೇಳಿದಳಂತೆ. ನಾನು ಉತ್ತರ ಕೊಡಲಿಲ್ಲವೆಂದು ಕೈ ನಿಲ್ಲಿಸಿದಳು. ಏನಂದೆ ಅಂತ ಕೇಳಿದರೆ “ಏನಿಲ್ರಿ” ಅಂದು ಬಲಗಡೆಗೆ ಬಂದು ತಿಕ್ಕತೊಡಗಿದಳು. ಇತ್ತೀಚೆಗೆ ಅವಳದು ಬಾಯೊಳಗೇ ಮಾತಾಡುವ ಚಾಳಿಯಾಗಿದೆ. ಇವಳೊಬ್ಬಳೇ ಅಲ್ಲ, ಊರಿಗೆ ಊರೇ ಪಿಸುಗುಟ್ಟಲು ಕಲಿತಿದೆ.

ನವೆಂಬರ್ ೨೫

ಘೋಡಗೇರಿಯಲ್ಲಿ ಮದುವೆ. ಮರ್ಯಾದೆ ಹೋಯಿತು ಅಂತ ನೇರವಾಗಿ ಬರೆದುಬಿಡುತ್ತೇನೆ.

ದನಿ ಯಾಕೋ ಮಂಕು ಅನಿಸಿತು. ಚೂಪು ದನಿಯ ಟ್ರೆಬಲ್ ಗುಂಡಿ ಏರಿಸಿದೆ. ಇನ್ನೂ ಮಂಕು, ಇನ್ನೂ ಏರಿಸಿದೆ. ಭರಮವ್ವ ಅನ್ನುವ ಮುದುಕಿ ಎರಡೂ ಕಿವಿ ಮುಚ್ಚಿಕೊಂಡು ಚಪ್ಪರದಿಂದ ಎದ್ದಳು. “ಯಪ್ಪಾ, ನಿನ್ನ ಮೈಕು ನನ್ನ ಹಲ್ಲಿನಾಗ ಹೊಕ್ಕೈತಿ” ಅಂದಳು. ಅವಳಿಗೆ ಹಲ್ಲೇ ಇಲ್ಲ.

ಆಮೇಲೆ ಅಕ್ಷತೆಯ ಹೊತ್ತಿಗೆ ಮೈಕು ಕಿರಿಚಿತು. ಮೈಕು ಕಿರಿಚುವ ಮೊದಲು ಒಂದು ಸಣ್ಣ ಎಳೆ ಹುಟ್ಟುತ್ತದೆ. ಅದು ಬೇರೆಯವರಿಗೆ ಕೇಳಿಸುವ ಮೊದಲೇ ಗುಂಡಿ ಇಳಿಸುವವನು ಈ ಗಜಾನನ, ಮೂರು ತಾಲೂಕಿಗೂ ಗೊತ್ತು. ಇಂದು ಆ ಎಳೆ ಕೇಳಲೇ ಇಲ್ಲ. ಒಮ್ಮೆಗೇ ಕಿರಿಚಿತು. ಮಂಗಲಾಷ್ಟಕ ನಿಂತಿತು, ಮದುಮಗಳು ಅಂತರಪಟ ಸರಿಸಿ ನನ್ನನ್ನೇ ನೋಡಿದಳು. ಹಾರ್ನ್ ಕಟ್ಟುವ ಬೀರಸಿದ್ದಪ್ಪ ಓಡಿ ಬಂದು ಗುಂಡಿ ತಿರುವಿದ.

ಚಪ್ಪರದಲ್ಲಿ ಬೆಲ್ಲದ ಬಾಗೇವಾಡಿಯವರು ಇಬ್ಬರಿದ್ದರು. ಊಟಕ್ಕೆ ಕೂರದೆ ವೈರು ಸುತ್ತಿದೆ.

ಈ ಸೀಸನ್ನಿಗೆ ತಂದ ಹೊಸ ಹಾರ್ನಿನದೇ ದೋಷ. ನಾಳೆ ಬಿಚ್ಚಿ ನೋಡುತ್ತೇನೆ.

ನವೆಂಬರ್ ೨೬

ಹಾರ್ನ್ ಬಿಚ್ಚಿದೆ. ಏನೂ ಆಗಿಲ್ಲ.

ಡಿಸೆಂಬರ್ ೨

ಮೊದಲು ಕ್ಯಾಸೆಟ್ಟಿನದೇ ಇತ್ಯರ್ಥವಾಗಲಿ ಅಂತ ಬೆಳಿಗ್ಗೆ ಗೋಕಾಕಿನ ಬಸ್ಸು ಹತ್ತಿದೆ. ಟೇಪು ಸವೆದಿರಬೇಕು, ಏಳು ವರ್ಷ ಅದೇ ಜಾಗವನ್ನು ಹಿಂದೆ ಮುಂದೆ ಎಳೆದಾಡಿದ್ದೇನಲ್ಲ. ನಾಲ್ಕು ವರ್ಷದ ಹಿಂದೆ ಅರಿಹಂತ ಇದರದೊಂದು ಕಾಪಿ ಮಾಡಿಟ್ಟುಕೊಂಡಿದ್ದ. ದೇವರು ದೊಡ್ಡವನು, ಅದರ ಮೇಲೆ ಬೇರೇನೂ ತುಂಬಿರಲಿಲ್ಲ.

ಅವನು ಬಿ ಬದಿ ಹಾಕಿದ. ನಾನು ಕೌಂಟರಿಗೆ ಬೆನ್ನು ಆನಿಸಿ, ಬೀದಿ ನೋಡುತ್ತ, ಉಸಿರು ಹಿಡಿದು ನಿಂತೆ. ಚಪ್ಪಾಳೆ ಇಳಿಯಿತು. ಎರಡು ಸಣ್ಣ ಪೆಟ್ಟು. ಕಿಣಿಕಿಣಿ!

“ನಿಮ್ಮ ಬಳಿಯಾಕಿ ಇಲ್ಲೇ ಅದಾಳ ನೋಡ್ರಿ” ಅಂದ ಅರಿಹಂತ. ಅವನ ಕೈ ಹಿಡಿದು ಕುಲುಕಿದೆ. ತಿಂಗಳಾಗಿತ್ತು ಇಷ್ಟು ಹಗುರಾಗಿ. ಚಾ ಕುಡಿಸಿದ, ಎರಡು ಕಪ್ಪು ಕುಡಿದೆ. ಮೂಡಲಗಿ ಮುಟ್ಟುವವರೆಗೂ ಕಾಪಿಯನ್ನು ಕಿಸೆಯಲ್ಲಿ ಕೈಯಿಂದ ಒತ್ತಿ ಹಿಡಿದೇ ಕೂತಿದ್ದೆ.

ಅದೇ ದಿನ, ಸಂಜೆ

ಮನೆಯಲ್ಲಿ ಹಾಕಿದೆ. ಇಲ್ಲ.

ಡಿಸೆಂಬರ್ ೧೪

ತಪ್ಪು ಹುಡುಕಲು ನನ್ನದೊಂದು ನಿಯಮವಿದೆ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹತ್ತು ದಿನದಿಂದ ಅದನ್ನೇ ಮಾಡುತ್ತಿದ್ದೇನೆ.

ಡೆಕ್ಕಿನ ಹಿಂದೆ ಎಡದ ವೈರು ಬಲಕ್ಕೆ, ಬಲದ್ದು ಎಡಕ್ಕೆ ಚುಚ್ಚಿದೆ. ಬಲಗಡೆಯ ಬಾಕ್ಸಿನಲ್ಲಿ ಕಿಣಿಕಿಣಿ ಸ್ಪಷ್ಟ. ಅಂದರೆ ಕ್ಯಾಸೆಟ್ಟೂ ಸರಿ, ಡೆಕ್ಕೂ ಸರಿ. ಕಳ್ಳ ಸಿಕ್ಕ, ಎಡಗಡೆಯ ಬಾಕ್ಸು!

ಹಿಂದೊಮ್ಮೆ ಯಮಕನಮರಡಿಯ ಕೆಲಸಕ್ಕೆ ಒಯ್ದು ಟೆಂಪೋದಿಂದ ಇಳಿಸುವಾಗ ಬೀರಸಿದ್ದಪ್ಪ ಅದನ್ನು ಕೆಡವಿರಬೇಕು ಅನಿಸಿತು. ಬಂದವನಿಗೆ ಹಾಗೇ ಅಂದುಬಿಟ್ಟೆ. ಹದಿನಾರು ವರ್ಷದಿಂದ ನನ್ನ ಜೊತೆ ಇದ್ದಾನೆ, ವಯಸ್ಸಿನಲ್ಲಿ ದೊಡ್ಡವನು. ಬಾಕ್ಸಿನ ಮೂಲೆಗಳನ್ನು ಕೈಯಿಂದ ಸವರಿ ನೋಡಿದ.

“ಗಜಣ್ಣ, ನಾ ಅದನ್ನ ಕೂಸಿನಂಗ ಇಳಿಸೇನಿ. ಕೆಡವೇನಿ ಅಂತ ನಿನಗ ಖರೇ ಅನಸ್ತೈತೇನು?”

ನಾನು ಖರೇ ಅಂದೆ. ಅವನು ಟೆಂಪೋದ ಕೀಲಿ ಮೇಜಿನ ಮೇಲಿಟ್ಟು ಹೋದ.

ಅವನು ಹೋದ ಮೇಲೆ ವೈರುಗಳನ್ನು ಮೊದಲಿನಂತೆ ಚುಚ್ಚಿ, ಬಾಕ್ಸುಗಳನ್ನೇ ಅದಲುಬದಲು ಇಟ್ಟೆ. ಬಲದ ಒಳ್ಳೆಯ ಬಾಕ್ಸನ್ನು ಎಡಕ್ಕೆ ತಂದೆ. ಅದರಲ್ಲೂ ಕಿಣಿಕಿಣಿ ಇಲ್ಲ. ಎಡಕ್ಕೆ ಬಂದ ಕೂಡಲೇ ಒಳ್ಳೆಯ ಬಾಕ್ಸೂ ಕೆಡುತ್ತದೆಯೇ?

ಕೀಲಿ ಇನ್ನೂ ಅಲ್ಲೇ ಇದೆ. ಅದರ ಕಡೆ ನೋಡಲು ಆಗುತ್ತಿಲ್ಲ.

ಡಿಸೆಂಬರ್ ೧೯

ಎಡಗಡೆಯ ಗೋಡೆಗೆ ಹೊದೆಯುವ ಕೌದಿಗಳ ರಾಶಿ ಇತ್ತು. ಅರಿವೆ ದನಿ ಕುಡಿಯುತ್ತದೆ. ಎಲ್ಲ ಎತ್ತಿ ಅಟ್ಟಕ್ಕೆ ಹಾಕಿದೆ. ಹಾಗಾದರೂ ಇಲ್ಲ. ಈಗ ಕೌದಿ ಬೇಕಾದಾಗಲೆಲ್ಲ ನಂದಾ ಏಣಿ ಹತ್ತುತ್ತಾಳೆ.

ಅವಳೂ ಒಂದು ಥರಾ ಆಗಿದ್ದಾಳೆ. ಮದುವೆಯಾದಾಗಿನಿಂದ ಎಡಕ್ಕೆ ಮಲಗುತ್ತಿದ್ದವಳು ಈಗ ಬಲಕ್ಕೆ ಹಾಸಿಕೊಳ್ಳುತ್ತಾಳೆ. ಯಾಕೆ ಅಂದರೆ ಆ ಕಡೆ ಗಾಳಿ ಬಡಿಯುತ್ತದಂತೆ. ಸಂತೆಗೆ ಹೋದರೆ ನನ್ನನ್ನು ಸುತ್ತಿ ಬಂದು ಬಲಕ್ಕೆ ನಡೆಯುತ್ತಾಳೆ. ಇಂದು ಹಿಂದಿನಿಂದ ಸದ್ದಿಲ್ಲದೆ ಬಂದು ಎಡಭುಜ ಮುಟ್ಟಿದಳು, ಹೌಹಾರಿದೆ.

“ಕಳ್ಳರಂಗ ಯಾಕ ಬರ್ತಿ? ಬಳಿ ತಗದಿಟ್ಟೀಯೇನು?”

ಅವಳು ಕೈ ಮುಂದೆ ಚಾಚಿದಳು. ಡಜನ್ ಹಸಿರು ಬಳೆ, ಹಬ್ಬಕ್ಕೆ ಇಡಿಸಿದ್ದು. ನಾನು ನಕ್ಕೆ. ಅವಳು ನಗಲಿಲ್ಲ.

ಡಿಸೆಂಬರ್ ೨೯

ಹುಕ್ಕೇರಿಯಲ್ಲಿ ಒಂದು ಸಭೆಗೆ ಸೆಟ್ ಹಚ್ಚಿದ್ದೆ. ಬೀರಸಿದ್ದಪ್ಪ ಇಲ್ಲದ್ದಕ್ಕೆ ನಾನೇ ಬೇವಿನ ಮರ ಹತ್ತಿ ಹಾರ್ನ್ ಕಟ್ಟಿದೆ, ಮೊಣಕಾಲು ತರಚಿತು. ಅಲ್ಲಿಗೇ ಕುಂಥುನಾಥ ಕಾಕಾ ಬಂದರು. ಅವರು ಸುತ್ತಿಬಳಸಿ ಮಾತಾಡುವವರಲ್ಲ.

“ಘೋಡಗೇರಿ ಸುದ್ದಿ ನನಗ ಮುಟ್ಟೈತಿ. ಒಂದ ಸಲ ಯಾರಿಗರೆ ಆಗತೈತಿ. ಆದ್ರ ಮುನಿ ಮಹಾರಾಜರ ಪ್ರವಚನದಾಗ ಹಂಗ ಆಗಬಾರ್ದು. ಜನವರಿ ಹತ್ತಕ್ಕ ಬಂದು ಪೆಂಡಾಲಿನಾಗ ಒಮ್ಮೆ ಹಚ್ಚಿ ತೋರಿಸು. ಕಮಿಟಿಯವರೂ ಕೇಳ್ತಾರ. ಆಮ್ಯಾಲ ನಾ ಯಾರ ಮುಂದರೆ ಎದಿ ಉಬ್ಬಿಸಿ ಹೇಳತೇನಿ.”

ಆಗಲಿ ಅಂದೆ. ಇನ್ನು ಹನ್ನೆರಡು ದಿನ. ಮನೆಯಲ್ಲಿ ಎರಡು ಬಾಕ್ಸಿನ ತಪ್ಪು ಹುಡುಕಲಾರದವನು ಹನ್ನೆರಡು ಹಾರ್ನಿನ ಸೆಟ್ ಹೇಗೆ ತೋರಿಸಲಿ? ಭಯ ಅಂತ ಬರೆಯಲು ನಾಚಿಕೆ, ಆದರೆ ಅದೇ.

೨೦೦೦ ಜನವರಿ ೧

ಹೊಸ ವೈರು ತಂದೆ. ಇಲ್ಲ.

ಜನವರಿ ೪

ಬೇರೊಂದು ಡೆಕ್ಕು ಎರವಲು ತಂದೆ. ಇಲ್ಲ. ಇಲ್ಲ. ಊಟಕ್ಕೆ ಕರೆದಳಂತೆ ನಂದಾ, ನಾಲ್ಕು ಸಲ. ಕೂಗಾಡಿದೆ.

ಜನವರಿ ೬

ಮಧ್ಯಾಹ್ನ ಕರೆಂಟು ಬಂದ ಕೂಡಲೇ ಮತ್ತೆ ಹಾಕಿದೆ. ನಂದಾ ಬಾಗಿಲಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ನಾನು ಕೈಚೆಲ್ಲಿ ಹೇಳಿದೆ, ಕ್ಯಾಸೆಟ್ ಬದಲಿಸಿದೆ, ಡೆಕ್ಕು ಬದಲಿಸಿದೆ, ವೈರು, ಬಾಕ್ಸು, ಗೋಡೆ, ಎಲ್ಲ ಆಯಿತು.

“ಎಲ್ಲಾ ಆಗಿಲ್ರಿ” ಅಂದಳು. “ಒಂದ ಉಳದೈತಿ.”

“ಏನು?”

“ಕುರ್ಚಿ.”

ಕುರ್ಚಿಗೂ ದನಿಗೂ ಏನು ಸಂಬಂಧ ಅಂತ ಬೈಯಲು ಬಾಯಿ ತೆರೆದೆ. ಅವಳು ಮೊರ ಬದಿಗಿಟ್ಟು ಬಂದು ನನ್ನನ್ನು ಎಬ್ಬಿಸಿದಳು. ಕುರ್ಚಿಯನ್ನು ಇದ್ದಲ್ಲೇ ತಿರುಗಿಸಿ, ಬೆನ್ನು ಡೆಕ್ಕಿನ ಕಡೆ, ಮುಖ ಬಾಗಿಲ ಕಡೆ ಮಾಡಿ ಇಟ್ಟಳು. ಬಾಕ್ಸು ಮುಟ್ಟಲಿಲ್ಲ, ವೈರು ಮುಟ್ಟಲಿಲ್ಲ. ನಾನು ಕೂತೆ. ಅವಳೇ ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದಳು.

ಚಪ್ಪಾಳೆ ಇಳಿಯಿತು. ಎರಡು ಸಣ್ಣ ಪೆಟ್ಟು. ಕಿಣಿಕಿಣಿ. ನನ್ನ ಬಲಗಿವಿಯ ಪಕ್ಕದಲ್ಲೇ.

ಹಾಡು ಶುರುವಾಯಿತು, ಸ್ಯಾಕ್ಸೋಫೋನು ಬಂತು. ನಾನು ಏಳಲಿಲ್ಲ. ಅರಿಹಂತನ ಅಂಗಡಿಯಲ್ಲಿ ಬೀದಿಗೆ ಮುಖ ಮಾಡಿ ನಿಂತದ್ದು ನೆನಪಾಯಿತು, ಅಲ್ಲೂ ಎಡದ ಬಾಕ್ಸಿಗೆ ಬಲಗಿವಿ. ಬೀರಸಿದ್ದಪ್ಪ ಕೀಲಿ ಇಟ್ಟು ಹೋದದ್ದು ನೆನಪಾಯಿತು. ಇಪ್ಪತ್ತು ವರ್ಷ ಊರ ಜನರ ಮೈಕು ರಿಪೇರಿ ಮಾಡಿದವನಿಗೆ ಕೆಟ್ಟದ್ದು ಯಾವುದೆಂದು ತಿಳಿಯಲು ಎರಡು ತಿಂಗಳು ಬೇಕಾಯಿತು. ಎಲ್ಲವನ್ನೂ ಬದಲಿಸಿ ನೋಡಿದೆ, ನನ್ನೊಬ್ಬನನ್ನು ಬಿಟ್ಟು.

“ನಿನಗ ಯಾವಾಗಿಂದ ಗೊತ್ತು?”

“ಪಾಡ್ಯದ ದಿನದಿಂದ.”

“ಮತ್ತ ಹೇಳಬಾರ್ದಿತ್ತೇನು?”

“ಹೇಳಿದೆ. ಎಣ್ಣಿ ಹಚ್ಚುಮುಂದ ಎಡಕ ನಿಂತು, ಕಿವಿಗೆ ಏನರೆ ಆಗೇತೇನ್ರಿ ಅಂತ ಕೇಳಿದೆ. ನಿಮಗ ಕೇಳಲಿಲ್ಲ. ಆಮ್ಯಾಲ ಬಲಕ ಬಂದು ಹೇಳಾಕ ನನಗ ಧೈರ್ಯ ಸಾಲಲಿಲ್ಲ.”

ಅವಳು ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನಿದೆ. ಆಮೇಲೆ ಅವಳು ಮೊರ ತಂದು ನನ್ನ ಬಲಗಡೆ ಕೂತು ಶೇಂಗಾ ಸುಲಿದಳು, ನಾನೂ ಸುಲಿದೆ.

ಈಗ ಈ ವಹಿಯ ಹಿಂದಿನ ಪುಟಗಳನ್ನು ತಿರುವಿದೆ. ಎಲ್ಲ ಇದೆ ಇಲ್ಲಿ, ನನ್ನ ಕೈಬರಹದಲ್ಲೇ. ಹಾಸಿಗೆ, ಸಂತೆ, ಬಳೆ. ಬರೆದವನಿಗೇ ಓದಲು ಬಂದಿರಲಿಲ್ಲ.

ಜನವರಿ ೮

ಗೋಕಾಕಿನ ಕಿವಿ ಡಾಕ್ಟರು ನೋಡಿದರು. ಎಡದ್ದರಲ್ಲಿ ಸಣ್ಣ ದನಿ ಇನ್ನು ಬರುವುದಿಲ್ಲವಂತೆ. ಬಲದ್ದನ್ನು ಜೋಪಾನ ಮಾಡಬೇಕಂತೆ, ಹಾರ್ನಿನ ಹತ್ತಿರ ಹತ್ತಿ ಇಟ್ಟುಕೊಳ್ಳಬೇಕಂತೆ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ಕಬ್ಬಿನ ಗಾಡಿಗಳ ಸಾಲು. ಬೆರಳಿನಿಂದ ಒಮ್ಮೆ ಬಲಗಿವಿ ಮುಚ್ಚಿ ನೋಡಿದೆ. ಬಸ್ಸು ದೂರ ಹೋಯಿತು. ಗಡಬಡಿಸಿ ಬೆರಳು ತೆಗೆದೆ.

ಸೀದಾ ಬೀರಸಿದ್ದಪ್ಪನ ಮನೆಗೆ ಹೋದೆ. ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಬಾಕ್ಸು ಕೆಟ್ಟಿರಲಿಲ್ಲ, ಕಿವಿ ಕೆಟ್ಟಿತ್ತು, ತಪ್ಪಾಯಿತು ಅಂದೆ. ಅವನು ಹಗ್ಗ ಬಿಡಲಿಲ್ಲ.

“ಯಾವ ಕಿವಿ?”

ಎಡದ್ದು ಅಂದೆ. ಎದ್ದು ಬಂದು ಬಲಗಡೆ ನಿಂತು “ಕೀಲಿ ಕೊಡು” ಅಂದ.

ಜನವರಿ ೧೦

ಬೆಲ್ಲದ ಬಾಗೇವಾಡಿ. ಮುಚ್ಚಿಟ್ಟು ಸೆಟ್ ಹಚ್ಚಿಬಿಡಬೇಕು ಅಂತ ದಾರಿಯುದ್ದಕ್ಕೂ ಮನಸ್ಸು ಹೊಯ್ದಾಡಿತು. ಒಂದು ತಾಸಿನ ಪರೀಕ್ಷೆ, ಬಲಗಿವಿಯೊಂದರಲ್ಲೇ ದಾಟಬಹುದಿತ್ತು. ಪೆಂಡಾಲಿಗೆ ಹೊಕ್ಕಾಗ ಕಾಕಾ ಎದ್ದು ಬಂದು ಅದೇ ಹೆಗಲಿನ ಮೇಲೆ ಕೈ ಇಟ್ಟರು. ನನಗೆ ತಡೆಯಲಾಗಲಿಲ್ಲ.

“ಕಾಕಾ, ನನ್ನ ಎಡಗಿವಿ ಹೋಗೇತ್ರಿ.”

ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಕಾಕಾ ಕೈ ತೆಗೆಯಲಿಲ್ಲ.

“ಮತ್ತ ಎಡಗಡೆ ಯಾರು ಕೇಳವ್ರು?”

ನಾನು ಹಿಂದೆ ತಿರುಗಿ ನಂದಾಳನ್ನು ತೋರಿಸಿದೆ. ಟೆಂಪೋದಿಂದ ವೈರಿನ ಸುರುಳಿ ಇಳಿಸುತ್ತಿದ್ದಳು. ಏಳು ವರ್ಷ ಅದೇ ಕ್ಯಾಸೆಟ್ ಕೇಳಿದವಳು. ಮೊನ್ನೆಯಿಂದ ಇಬ್ಬರೂ ಅಭ್ಯಾಸ ಮಾಡಿದ್ದೇವೆ: ಕಿರಿಚುವ ಎಳೆ ಹುಟ್ಟಿದರೆ ಅವಳು ಕೈ ಎತ್ತುತ್ತಾಳೆ, ದನಿ ಮಂಕಾದರೆ ಸೆರಗು ಹಿಡಿಯುತ್ತಾಳೆ. ಬೀರಸಿದ್ದಪ್ಪ ಹಾರ್ನ್ ಕಟ್ಟಿದ, ಅವಳು ಎಡಕ್ಕೆ, ಹೆಣ್ಣುಮಕ್ಕಳು ಕೂರುವ ಕಡೆ ಕೊನೆಯ ಕಂಬಕ್ಕೆ ನಿಂತಳು. ಜಪಾನಿನವರನ್ನು ಹಾಕಿದೆ. ಆಮೇಲೆ ಕಾಕಾ ಮೈಕಿನಲ್ಲಿ ಜೈನರ ಣಮೋಕಾರ ಮಂತ್ರ ಹೇಳಿದರು. ನಂದಾ ಎರಡು ಸಲ ಕೈ ಎತ್ತಿದಳು. ಎರಡು ಸಲವೂ ನನಗೆ ಏನೂ ಕೇಳಿರಲಿಲ್ಲ. ಎರಡು ಸಲವೂ ಗುಂಡಿ ಇಳಿಸಿದೆ. ಮೈಕು ಕಿರಿಚಲಿಲ್ಲ.

ಯೋಚಿಸಿ ತಿಳಿಸುತ್ತೇವೆ ಅಂದರು.

ಜನವರಿ ೧೩

ಇನ್ನೂ ತಿಳಿಸಿಲ್ಲ. ಅಂಗಳದಲ್ಲಿ ಎಷ್ಟು ಸಲ ಓಡಾಡಿದೆನೋ. “ನೆಲಾ ಸವದೀತು, ಕುಂದರ್ರಿ” ಅಂದಳು ನಂದಾ.

ಜನವರಿ ೧೭

ಕಾಕಾ ಚೀಟಿ ಕಳಿಸಿದ್ದಾರೆ. ಒಂದೇ ಸಾಲು: ‘ಐದೂ ದಿವಸ ನಂದಾಬಾಯಿ ಬರಬೇಕು.’

ಫೆಬ್ರುವರಿ ೧೮, ಬೆಲ್ಲದ ಬಾಗೇವಾಡಿ

ಮುಗಿಯಿತು. ಐದು ದಿನದಲ್ಲಿ ಮೈಕು ಒಮ್ಮೆಯೂ ಕಿರಿಚಲಿಲ್ಲ. ನಂದಾಳ ತೋಳು ಮಾತ್ರ ಬಿದ್ದುಹೋಗಿದೆಯಂತೆ, ಬೀರಸಿದ್ದಪ್ಪ ಎಲ್ಲಿಂದಲೋ ಮುಲಾಮು ತಂದುಕೊಟ್ಟ. ದಿನಾ ಬೆಳಿಗ್ಗೆ ಜಪಾನಿನವರು ಶುರುವಾದ ಕೂಡಲೇ ಜನ ಪೆಂಡಾಲಿಗೆ ಬಂದು ಕೂರುವುದನ್ನು ಕಲಿತಿದ್ದರು. ಕೊನೆಯ ದಿನ ಕಂಬದ ಹತ್ತಿರದ ಹೆಣ್ಣುಮಕ್ಕಳು ಅದರ ತಾಳಕ್ಕೆ ತಲೆ ಆಡಿಸುತ್ತಿದ್ದರು.

ಸಂಜೆ ಕಾಕಾ ಎಲ್ಲರಿಗೂ ವಂದನೆ ಹೇಳುತ್ತ ಮೈಕಿನ ಗಜಾನನ ಅಂದರು, ನಂದಾಬಾಯಿ ಅಂದರು. ಇಡೀ ಪೆಂಡಾಲು ಚಪ್ಪಾಳೆ ಹೊಡೆಯಿತು. ಇಪ್ಪತ್ತು ವರ್ಷ ಬೇರೆಯವರ ಚಪ್ಪಾಳೆಯನ್ನು ಹಾರ್ನಿಗೆ ಕಳಿಸಿದವನು ನಾನು, ಯಾವ ಕಡೆ ನೋಡಬೇಕೋ ತಿಳಿಯಲಿಲ್ಲ. ಬಲಗಿವಿಯ ಹತ್ತಿ ತೆಗೆದು ಹೆಣ್ಣುಮಕ್ಕಳ ಕಡೆ ತಿರುಗಿ ನಿಂತೆ.

ಚಪ್ಪಾಳೆ ಇಳಿಯಿತು. ಪೂರ್ತಿ ನಿಂತಿತು. ಆಮೇಲೆ ನಂದಾ ನಿಂತ ಕೊನೆಯ ಕಂಬದಿಂದ, ತಡವಾಗಿ, ಎರಡು ಸಣ್ಣ ಚಪ್ಪಾಳೆ, ಕಿಣಿಕಿಣಿ.

ಕ್ಯಾಸೆಟ್ಟಿನಲ್ಲೂ ಬಳೆಯೇ ಅದು. ಏಳು ವರ್ಷ ಅವಳು ಹೇಳಿದ್ದೇ ಸರಿ. ನಾನು ಕೇಳಿಸಿತು ಅಂತ ಕೈ ಎತ್ತಿದೆ.